ನನ್ನನ್ನು ಕುಕ್ಕಿದ ಕಲ್ಲು

ಕಾಡಿನ ನಡುವೆ ಬೆಳ್ಳುಳ್ಳಿಯ ವಾಸನೆ ಬಂದರೆ ಅಡುಗೆಮನೆ ಎಲ್ಲಿದೆ ಎಂದು ತಿರುಗಿ ನೋಡುವುದು ನಮ್ಮವರ ಸ್ವಭಾವ. ಲಂಡನ್ನಿನ ಅಂಚಿನ ತೋಪುಗಳಲ್ಲಿ ಮೇ ತಿಂಗಳು ಅಡುಗೆಮನೆ ಇಲ್ಲದೆಯೇ ಒಗ್ಗರಣೆ ಹಾಕುತ್ತದೆ. ಮರಗಳ ಬುಡದಲ್ಲಿ ಹಾಸಿದಂತೆ ಕಾಡುಬೆಳ್ಳುಳ್ಳಿ, ಅಗಲವಾದ ಎಲೆ, ಬಿಳಿ ಹೂ. ಒಂದು ಹೆಜ್ಜೆ ತಪ್ಪಿ ಇಟ್ಟರೆ ಸಾಕು, ಮೂಗಿಗೆ ಬಡಿಯುತ್ತದೆ. ಕಳೆದ ಭಾನುವಾರ ಆಫೀಸಿನ ಗೆಳೆಯರ ಜೊತೆ ನಡೆಯಲು ಹೋಗಿದ್ದೆ. ದಾರಿ ಆರಿಸಿದ್ದು ನಾನಲ್ಲ. ಆ ವಾಸನೆ ಬಂದ ಮೇಲೆಯೇ ನಾವು ಯಾವ ಊರಿನ ಸೀಮೆಯೊಳಗೆ ಕಾಲಿಟ್ಟಿದ್ದೇವೆ ಎಂದು ನನಗೆ ತಿಳಿದದ್ದು. “ನೀವು ಮುಂದೆ ಹೋಗಿ, ನಾನು ಬರ್ತೇನೆ,” ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಹುಡುಗಿಯೊಬ್ಬಳು ಕಾಡಿನಲ್ಲಿ ಹಿಂದೆ ಉಳಿದರೆ ಕಾರಣ ಕೇಳದಿರುವುದು ಇಂಗ್ಲಿಷರ ಸಭ್ಯತೆ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮಾನ ಹೋಯಿತೆಂದು ವಕೀಲರಿಂದ ಪತ್ರ ಬರೆಸುವ ಜನ ಅವರು. ಭೂಪಟದಲ್ಲಿ ಅದು ಲಂಡನ್ನೇ. ಕೆಂಪು ಬಸ್ಸು ಹೋಗುತ್ತದೆ, ಕಸದ ಡಬ್ಬಿಯ ಮೇಲೆ ಲಂಡನ್ನಿನ ಕೌನ್ಸಿಲಿನ ಮುದ್ರೆ ಇದೆ. ಆದರೆ ಬಸ್ಸಿನಿಂದ ಇಳಿದರೆ ಕುರಿ, ಬೇಲಿ, ಕಪ್ಪುಕಲ್ಲಿನ ಇಗರ್ಜಿ, ಅದರ ಮುಂದೆ ಇಗರ್ಜಿಗಿಂತ ಹಳೆಯದು ಎಂದು ಎಲ್ಲರೂ ಹೇಳುವ ಒಂದು ಯೂ ಮರ. ಇಲ್ಫರ್ಡಿನಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ಬೆಳೆದ ನನಗೆ ಲಂಡನ್ನಿನೊಳಗೆ ಇಂಥದೊಂದು ಊರು ಇದೆ ಎಂಬುದೇ ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನ ಸೋದರಮಾವನಿಂದ.

ಮಂಜು ಮಾವ ಕುಂದಾಪುರದವನು. ಬೇರೆಯವರ ಹೋಟೆಲುಗಳಲ್ಲಿ ದೋಸೆ ಹೊಯ್ದು ಬೇಸತ್ತು, ಆ ಊರಿನಲ್ಲಿ ಮುಚ್ಚಿ ಹೋಗಿದ್ದ ಪಬ್ಬನ್ನು ಬಾಡಿಗೆಗೆ ಹಿಡಿದ. ಬೋರ್ಡಿನ ಮೇಲೆ ನೇಗಿಲಿನ ಚಿತ್ರವಿತ್ತು. ಅದನ್ನು ಬದಲಿಸು ಎಂದು ಎಲ್ಲರೂ ಹೇಳಿದಾಗ ಅವನು, “ನೇಗ್ಲು ನಮ್ಮೂರಲ್ಲೂ ಇತ್ತಲ್ದಾ? ತೆಗುದ್ ಎಂತಕೆ?” ಎಂದು ಅದಕ್ಕೆ ಬಣ್ಣ ಬಳಿಸಿ ಹಾಗೆಯೇ ಇಟ್ಟುಕೊಂಡ. ಯೂನಿವರ್ಸಿಟಿ ಮುಗಿಸಿ ಕೆಲಸ ಹುಡುಕುತ್ತಿದ್ದ ನನ್ನನ್ನು ಅಮ್ಮ, “ಮನೇಲಿ ಕೂತು ಅಪ್ಪನ ಜೊತೆ ವಾದ ಮಾಡುವುದರ ಬದಲು ಅಲ್ಲಿ ಹೋಗಿ ತಟ್ಟೆ ಎತ್ತು,” ಎಂದು ಕಳಿಸಿದಳು. ಮೇಲಿನ ಮಾಳಿಗೆಯಲ್ಲಿ ನನ್ನ ಕೋಣೆ. ಕಿಟಕಿ ತೆರೆದರೆ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ಒಂದು ಮೊಂಡು ಕಲ್ಲು, ಕಲ್ಲಿನ ಪಕ್ಕದಿಂದ ಹಳೆಯ ಪಾದ್ರಿಮನೆಯ ಗೋಡೆ ಹಿಡಿದು ಇಗರ್ಜಿಯ ತನಕ ಒಂದು ಕಾಲುದಾರಿ. ಬಸ್ಸು ನಿಲ್ಲುವುದು ಇಗರ್ಜಿಯ ಎದುರಿಗೆ.

ಆ ಕಾಲುದಾರಿಯೇ ಮಾವನ ವ್ಯಾಪಾರದ ಜೀವನಾಡಿ. ಅದನ್ನು ಬಿಟ್ಟರೆ ಇರುವುದು ಗುಡ್ಡದ ರಸ್ತೆ ಒಂದೇ: ಎರಡೂ ಕಡೆ ಆಳೆತ್ತರದ ಬೇಲಿ, ಪಾದಚಾರಿಗೆ ಒಂದು ಅಡಿಯೂ ಜಾಗವಿಲ್ಲ, ತಿರುವಿನಲ್ಲಿ ಕಾರುಗಳು ಬೀಸಿಕೊಂಡು ಬರುತ್ತವೆ. ಕಾಡು ಸುತ್ತಲು ಬಂದವರು, ಊರಿನ ಮುದುಕರು, ಶನಿವಾರ ಇಲ್ಫರ್ಡಿನಿಂದ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಗುಂಪಾಗಿ ಬರುವ ನಮ್ಮ ಅಜ್ಜಿಯರು, ಎಲ್ಲರೂ ಆ ದಾರಿಯಿಂದಲೇ ಬಂದು ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದರು. ಪಬ್ಬುಗಳ ವಾಡಿಕೆಯಂತೆ ಭಾನುವಾರದ ರೋಸ್ಟ್ ಬೇಕು ಎಂದ ಊರಿನವರಿಗೆ ಮಾವ ಕೋಳಿಯ ಘೀ ರೋಸ್ಟ್ ಕೊಟ್ಟು ಕಳಿಸಿದ. ಮೊದಲ ವಾರ ಬೆವರಿದರು, ಎರಡನೇ ವಾರ ನೀರು ದೋಸೆಯನ್ನೂ ಕೇಳಿದರು.

ಜೆಫ್ರಿ ಮಾತ್ರ ದಿನಾ ಬರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು, ಹೆಂಡತಿ ತೀರಿಹೋಗಿದ್ದರು, ಇಗರ್ಜಿಯ ಉಸ್ತುವಾರಿ ಅವರ ಕೈಯಲ್ಲಿತ್ತು. ಕಿಟಕಿಯ ಪಕ್ಕದ ಮೇಜು ಅವರದು. ಊರಿನ ಚರಿತ್ರೆಯನ್ನು ಬರೆಯುತ್ತಿದ್ದರು. ಬರೆದದ್ದಕ್ಕಿಂತ ಹೇಳಿದ್ದೇ ಹೆಚ್ಚು.

“ಈ ಪಬ್ಬಿನ ಮಹಡಿಯಲ್ಲಿ ರಾಣಿ ಒಂದು ರಾತ್ರಿ ತಂಗಿದ್ದಳು, ಶ್ರುತಿ. ನೀನು ಮಲಗುವ ಕೋಣೆಯಲ್ಲೇ.”

“ಯಾರು ನೋಡಿದ್ದಾರೆ?”

“ಎಲ್ಲರೂ ಹೇಳುತ್ತಾರೆ.”

“ಎಲ್ಲರೂ ಹೇಳುವುದು ಎಲ್ಲರೂ ನೋಡಿದ್ದರಿಂದ ಅಲ್ಲ, ಎಲ್ಲರೂ ಕೇಳಿದ್ದರಿಂದ. ನೆನಪು ಸಾಕ್ಷಿಯಲ್ಲ, ಜೆಫ್ರಿ. ಸಾಕ್ಷಿ ತನ್ನಿ.”

ಮುದುಕರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರುದಿನ ಇನ್ನೊಂದು ಕಥೆ ತರುತ್ತಿದ್ದರು. ಪ್ಲೇಗ್ ಬಂದಾಗ ಊರೇ ಗುಡ್ಡದ ಮೇಲಕ್ಕೆ ಎದ್ದು ಹೋಯಿತಂತೆ, ಅದಕ್ಕೇ ಇಗರ್ಜಿ ಒಂದು ಕಡೆ ಮನೆಗಳು ಒಂದು ಕಡೆ. ಹಾಗಾದರೆ ಹೆಣಗಳೆಲ್ಲಿ ಎಂದು ನಾನು. ಹುಲ್ಲುಗಾವಲಿನ ಕೆಳಗೆ ಎಂದು ಅವರು. ಅಗೆದು ನೋಡಿದ್ದೀರಾ ಎಂದು ನಾನು. ಡಿಬೇಟಿನಲ್ಲಿ ನಮಗೆ ಕಲಿಸುವ ಮೊದಲ ಪಾಠವೇ ಅದು: ಎದುರಾಳಿ ಪ್ರೀತಿಸುವ ವಾಕ್ಯವನ್ನು ಹುಡುಕು, ಅದಕ್ಕೆ ಆಧಾರ ಕೇಳು. ಕಾಲೇಜಿನಲ್ಲಿ ನಾನು ಗೆದ್ದ ಕಪ್ಪುಗಳೆಲ್ಲ ಆ ಒಂದು ಪಾಠದಿಂದಲೇ ಬಂದವು.

ಮಾವ ಅಡುಗೆಮನೆಯಿಂದ ಇಣುಕುತ್ತಿದ್ದ. “ಹೆಣ್ಣೇ, ಅವ್ರ್ ಹತ್ರ ಎಂತಕ್ ಜಗಳ ಮಾಡ್ತಿ? ಗಿರಾಕಿ ಅಲ್ದಾ?”

“ಜಗಳ ಅಲ್ಲ ಮಾವ, ಡಿಬೇಟ್.”

“ಎರ್ಡೂ ಒಂದೇ. ಡಿಬೇಟಲ್ಲಿ ಟೈ ಕಟ್ಕಂಡ್ ಜಗಳ ಮಾಡ್ತ್ರ್, ಅಷ್ಟೆ.”

ಮಾವನ ಹೆಂಡತಿ ಸುಮತಿ ಅತ್ತೆ ಕಾಡುಬೆಳ್ಳುಳ್ಳಿಯ ಎಲೆಯನ್ನು ಮೊದಲ ಸಲ ಮೂಸಿ ನೋಡಿ, ಇದು ತಂಬುಳಿಗಾಗಿಯೇ ಹುಟ್ಟಿದ ಎಲೆ ಎಂದು ತೀರ್ಮಾನಿಸಿದಳು. ತುಪ್ಪದಲ್ಲಿ ಬಾಡಿಸಿ, ಕಾಯಿ ಜೀರಿಗೆ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಜೆಫ್ರಿಯ ಮುಂದೆ ಇಟ್ಟಳು. ಅವರು ಒಂದು ಚಮಚ ಬಾಯಿಗಿಟ್ಟು, ಇನ್ನೊಂದನ್ನೂ ತೆಗೆದುಕೊಂಡರು. ಆಮೇಲೆ, ಬಾಲ್ಯದಲ್ಲಿ ಈ ಕಾಡಿನ ಎಲೆಯನ್ನು ದನ ತಿಂದರೆ ಹಾಲಿಗೆ ವಾಸನೆ ಬರುತ್ತದೆಂದು ಬೈದು ಓಡಿಸುತ್ತಿದ್ದೆವು, ಇದನ್ನು ಉಣ್ಣಬಹುದು ಎಂದು ಯಾರೂ ಹೇಳಲಿಲ್ಲ ಎಂದರು. ಅಂದಿನಿಂದ ಅವರಿಗಾಗಿ ಒಂದು ಬಟ್ಟಲು ತೆಗೆದಿಡುವುದು ಅತ್ತೆಯ ನೇಮವಾಯಿತು. ನನಗೂ ಅಜ್ಜನೊಬ್ಬ ಸಿಕ್ಕ ಹಾಗಾಗಿತ್ತು. ಇದನ್ನು ಬರೆಯಲು ಈಗ ಸಿಟ್ಟು ಬರುತ್ತದೆ, ಆದರೆ ನಿಜ.

ಮೇ ತಿಂಗಳಿನಲ್ಲಿ ಸೀಮೆ ಸುತ್ತುವ ಭಾನುವಾರ ಬಂತು. ಒಂದು ಇಗರ್ಜಿಗೆ ಸೇರಿದ ನೆಲಕ್ಕೆ ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ನಕ್ಷೆಗಳಿಲ್ಲದ ಕಾಲದಲ್ಲಿ ಆ ಸೀಮೆಯನ್ನು ಜನರ ನೆನಪಿನಲ್ಲೇ ಉಳಿಸಿಕೊಳ್ಳಬೇಕಿತ್ತು. ಹಾಗಾಗಿ ವರ್ಷಕ್ಕೊಮ್ಮೆ ಬೆಳೆಗೆ ಪ್ರಾರ್ಥನೆ ಮಾಡುತ್ತ ಊರೆಲ್ಲ ಗಡಿ ನಡೆಯುತ್ತಿತ್ತು. ವಿಲೋ ಮರದ ಕೋಲಿನಿಂದ ಒಂದೊಂದು ಗಡಿಗಲ್ಲಿಗೂ ಬಡಿಯುವುದು, ಎಳೆಯರನ್ನು ಎತ್ತಿ ಕಲ್ಲಿನ ಮೇಲೆ ಕುಕ್ಕುವುದು. ನೋವಾದದ್ದು ಮರೆಯುವುದಿಲ್ಲವಲ್ಲ! ಐವತ್ತು ವರ್ಷದ ನಂತರ ಗಡಿ ತಂಟೆ ಬಂದರೆ ಆ ಮಗು ಮುದುಕನಾಗಿ ಬಂದು, ‘ಕಲ್ಲು ಇಲ್ಲೇ ಇತ್ತು, ನನ್ನ ಬೆನ್ನಿಗೆ ಗೊತ್ತು’ ಎಂದು ಸಾಕ್ಷಿ ಹೇಳಬೇಕು. ನನಗೆ ಇದು ತುಂಬ ಹಿಡಿಸಿತು. ರಾಣಿಯ ಕಥೆಗಿಂತ ಇದರಲ್ಲಿ ತರ್ಕವಿತ್ತು.

ಆ ಊರಿನಲ್ಲಿ ಆಗ ಕುಕ್ಕಲು ಮಕ್ಕಳೇ ಇರಲಿಲ್ಲ. ನಡೆಯಲು ಬಂದವರೆಲ್ಲ ಮೊಣಕಾಲು ನೋವಿನವರು. ಅವರಲ್ಲಿ ಚಿಕ್ಕವಳು ನಾನೇ.

ಕಾಡಿನಲ್ಲಿ ಒಂದು ಕಲ್ಲು ಸಿಗಲಿಲ್ಲ. ಇಲ್ಲೇ ಇತ್ತು, ಅಲ್ಲೇ ಇತ್ತು ಎಂದು ಎಲ್ಲರೂ ಕೋಲಿನಿಂದ ಎಲೆ ಸರಿಸುತ್ತಿದ್ದಾಗ ನಾನು ಅದಕ್ಕೆ ಎಡವಿ ಬಿದ್ದೆ. ಬೆಳ್ಳುಳ್ಳಿ ಎಲೆಯಲ್ಲಿ ಮುಖ ಮುಚ್ಚಿ ಬಿದ್ದವಳನ್ನು ಜೆಫ್ರಿ ಎಬ್ಬಿಸಿ, ಎಲೆಯ ಅಡಿಯಲ್ಲಿ ಕಲ್ಲಿನ ತಲೆಯ ಮೇಲೆ ಕೆತ್ತಿದ ಶಿಲುಬೆಯನ್ನು ತೋರಿಸಿ, “ಊರು ನಿನ್ನನ್ನು ಕಾಲು ಹಿಡಿದು ಎಳೆಯಿತು ನೋಡು,” ಎಂದು ನಕ್ಕರು. ಕೋಲಿನ ತುದಿಯಿಂದ ಕಲ್ಲಿಗೆ ಎರಡು ಸಲ ತಟ್ಟಿದರು. ಟಕ್, ಟಕ್. ಬೇರೆಯವರು ಜೋರಾಗಿ ಬಡಿಯುತ್ತಿದ್ದರು. ಜೆಫ್ರಿಯದು ಮಾತ್ರ ಬಾಗಿಲು ತಟ್ಟಿದ ಹಾಗೆ.

ಕೊನೆಯ ಕಲ್ಲು ನಮ್ಮ ಹಿತ್ತಲಿನದು. ಇಗರ್ಜಿಯಿಂದ ಕಾಲುದಾರಿ ಹಿಡಿದು ಎಲ್ಲರೂ ಸಾಲಾಗಿ ಬಂದೆವು. ಅಲ್ಲಿ ನನ್ನ ತೋಳು ಇಬ್ಬರು, ಕಾಲು ಇಬ್ಬರು ಹಿಡಿದು ಎತ್ತಿ ಕಲ್ಲಿನ ಮೇಲೆ ಕುಕ್ಕಿದರು. ಮೆತ್ತಗೆ ಎಂದುಕೊಂಡಿದ್ದೆ, ಮೆತ್ತಗಿರಲಿಲ್ಲ. ಅತ್ತೆ ಹಿಂಬಾಗಿಲಿನಲ್ಲಿ ನಿಂತು, “ಅಯ್ಯಯ್ಯೋ, ಹೆಣ್ಣಿಗ್ ಎಂತ ಮಾಡ್ತಿದ್ರಿ ಮರ್ರೆ!” ಎಂದು ಕೂಗಿದಳು. ಜೆಫ್ರಿ ಎಲ್ಲರಿಗೂ ಕೇಳುವಂತೆ ಹೇಳಿದರು: “ನಾನು ಹುಡುಗನಾಗಿದ್ದಾಗ ನನ್ನನ್ನು ಕುಕ್ಕಿದ್ದೂ ಇದೇ ಕಲ್ಲಿನ ಮೇಲೆ, ಬಂದದ್ದೂ ಇದೇ ದಾರಿಯಲ್ಲಿ. ಇನ್ನು ನಾನು ಹೋದ ಮೇಲೆ ನೀನು ಸಾಕ್ಷಿ.” ಗಡಿಗಲ್ಲು ಕದಲಿಸಿದವರಿಗೆ ಶಾಪ ಹಾಕುವ ಪ್ರಾರ್ಥನೆಯನ್ನೂ ಓದಿದರು. ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ, ಈ ಧರ್ಮ ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಎಂದು ಇರುತ್ತದೆ ಎಂದು ನಾನು ಹೇಳಿದಾಗ ಅವರ ಕಣ್ಣು ಹೊಳೆಯಿತು. “ನೋಡು, ಊರುಗಳೆಲ್ಲ ಒಂದೇ ರೀತಿ ಹೆದರುತ್ತವೆ,” ಎಂದರು.

ಅಂದು ನಾನು ತುಸು ಕುಂಟುತ್ತ ನೀರು ದೋಸೆ ಬಡಿಸಿದೆ. ಸಂದೇಹವಾದಿ ಎಂದು ಮೆರೆಯುವವಳಿಗೂ ಆ ರಾತ್ರಿ ಒಂದು ಮಾತು ನಂಬಿಕೆಯಾಗಿತ್ತು: ನಾನು ಇಲ್ಲಿಯವಳು.

ಬೇಸಿಗೆ ಕಳೆಯುವ ಹೊತ್ತಿಗೆ ಹಳೆಯ ಪಾದ್ರಿಮನೆಯನ್ನು ಹೊಸಬರು ಕೊಂಡರು. ಪಾದ್ರಿ ಅಲ್ಲಿ ವಾಸಿಸುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೊಸ ಒಡತಿ ಒಂದು ದಿನ ಬಂದು ಬಹಳ ನಯವಾಗಿ ಮಾತಾಡಿದಳು. ಮೀನು ಹುರಿಯುವ ವಾಸನೆ ತೋಟದ ತನಕ ಬರುತ್ತದೆ, ಹಿತ್ತಲಿನ ದಾರಿಯಲ್ಲಿ ಅಪರಿಚಿತರ ಓಡಾಟ ಜಾಸ್ತಿ ಎಂದಳು. ವಾರ ಕಳೆಯುವುದರೊಳಗೆ ಕಾಲುದಾರಿಗೆ ಗೇಟು ಬಿತ್ತು, ಗೇಟಿಗೆ ಬೀಗ, ಬೀಗದ ಮೇಲೆ ‘ಖಾಸಗಿ’ ಎಂಬ ಫಲಕ. ನೋಡಿದರೆ ಸರಕಾರದ ನಕ್ಷೆಯಲ್ಲಿ ಆ ದಾರಿಯೇ ಇಲ್ಲ. ಯಾವುದೋ ಕಾಲದಲ್ಲಿ ಗೆರೆ ಎಳೆಯುವವರು ಮರೆತಿದ್ದರು. ಆದರೂ ಜನ ಇಪ್ಪತ್ತು ವರ್ಷ ಯಾರ ಅಡ್ಡಿಯೂ ಇಲ್ಲದೆ ನಡೆದಿದ್ದರೆ ದಾರಿ ಸಾರ್ವಜನಿಕ ಎಂಬ ಕಾನೂನು ಇದೆ. ನಡೆದವರು ಬಂದು ಹೇಳಬೇಕು ಅಷ್ಟೆ.

ಈ ನಡುವೆ ನಮ್ಮ ಅಜ್ಜಿಯರು ಒಂದು ಶನಿವಾರ ಗುಡ್ಡದ ರಸ್ತೆಯಲ್ಲಿ ಬರಲು ನೋಡಿ, ತಿರುವಿನಲ್ಲಿ ಒಂದು ವ್ಯಾನು ಸೆರಗು ಸವರಿಕೊಂಡು ಹೋದಾಗ ಬೇಲಿಗೆ ಬೆನ್ನು ಒತ್ತಿ ನಿಂತು, ಅಲ್ಲಿಂದಲೇ ಬಸ್ಸಿಗೆ ಹಿಂದಿರುಗಿದರು. ಆಮೇಲೆ ಬರಲಿಲ್ಲ. ಮಾವ ನೀರು ದೋಸೆಯ ಹಿಟ್ಟನ್ನು ಅರ್ಧಕ್ಕೆ ಇಳಿಸಿದ.

ನಾನು ಕೆಲಸ ಹುಡುಕುವುದನ್ನು ಬಿಟ್ಟು ದಾರಿಯ ಕೆಲಸಕ್ಕೆ ನಿಂತೆ. ಕೌನ್ಸಿಲಿಗೆ ಬರೆದೆ, ಕಾನೂನು ಓದಿದೆ, ಊರಿನ ಮನೆ ಮನೆಗೆ ಹೋದೆ. ಎಲ್ಲರೂ ಹೇಳಿದ್ದು ಒಂದೇ ಮಾತು: “ಜೆಫ್ರಿ ಹೇಳಿದರೆ ಸಾಕಲ್ಲ? ಅವರಿಗೆ ತಿಳಿಯದ್ದು ನಮಗೆ ತಿಳಿದಿದೆಯೇ?” ಜೆಫ್ರಿ ಕಿಟಕಿಯ ಮೇಜಿನಲ್ಲಿ ನನ್ನ ಕೈಮೇಲೆ ಕೈಯಿಟ್ಟು, “ನಾನಿದ್ದೇನೆ,” ಎಂದಿದ್ದರು.

ಅಕ್ಟೋಬರಿನಲ್ಲಿ ಊರಿನ ಸಭಾಂಗಣದಲ್ಲಿ ವಿಚಾರಣೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಉಣ್ಣೆಯ ವಾಸನೆ. ಕೌನ್ಸಿಲಿನ ಅಧಿಕಾರಿ ಒಂದು ಮಡಚುವ ಮೇಜಿನ ಹಿಂದೆ ಕುಳಿತಿದ್ದ. ಮಾವ ಮದುವೆಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದ. ಊರಿನವರ ಪರವಾಗಿ ಸಾಕ್ಷಿಗೆ ಬಂದವರು ಜೆಫ್ರಿ ಒಬ್ಬರೇ. ಅಧಿಕಾರಿ ಅವರನ್ನು ಕೇಳಿದ: “ಸೀಮೆ ಸುತ್ತುವ ನಡಿಗೆ ಈ ದಾರಿಯಿಂದ ಹೋಗುತ್ತಿತ್ತೇ?”

ಜೆಫ್ರಿ ಕನ್ನಡಕ ತೆಗೆದರು. ಸ್ವೆಟರಿನ ತುದಿಯಿಂದ ಅದನ್ನು ನಿಧಾನವಾಗಿ ಒರೆಸಿದರು. “ನನ್ನ ನೆನಪಿನಲ್ಲಿ ಇಲ್ಲ,” ಎಂದರು. “ಈ ವರ್ಷ ಮಾತ್ರ ಹೋದೆವು, ಇವರು ಊಟಕ್ಕೆ ಕರೆದಿದ್ದರಿಂದ. ಅದಕ್ಕೆ ಮೊದಲು ನಾವು ರಸ್ತೆಯಲ್ಲೇ ಬರುತ್ತಿದ್ದೆವು.”

ಎದ್ದು ನಿಂತದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ. “ಜೆಫ್ರಿ, ನೀವು ಹುಡುಗರಾಗಿದ್ದಾಗ ಇದೇ ದಾರಿಯಲ್ಲಿ ಬಂದೆ ಎಂದಿರಿ. ಆ ಕಲ್ಲಿನ ಮೇಲೆ ನನ್ನನ್ನು ಕುಕ್ಕಿ, ನೀನೇ ಸಾಕ್ಷಿ ಎಂದಿರಿ. ಎಲ್ಲರೂ ಕೇಳಿದ್ದಾರೆ.”

ಎಲ್ಲರೂ ತಮ್ಮ ತಮ್ಮ ಛತ್ರಿಗಳನ್ನು ನೋಡುತ್ತಿದ್ದರು. ಜೆಫ್ರಿ ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು. ದನಿಯಲ್ಲಿ ಅದೇ ಅಕ್ಕರೆ. “ಮಗೂ, ನೀನೇ ಹೇಳುತ್ತಿದ್ದೆಯಲ್ಲ, ನೆನಪು ಸಾಕ್ಷಿಯಲ್ಲ ಅಂತ?”

ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಮೊಮ್ಮಗಳ ತುಂಟತನಕ್ಕೆ ನಗುವ ನಗೆ. ಅಧಿಕಾರಿ ನನ್ನನ್ನು ಕೇಳಿದ: “ನೀವು ಈ ಊರಿನಲ್ಲಿ ಎಷ್ಟು ಕಾಲದಿಂದ ಇದ್ದೀರಿ?” ಒಂದು ವರ್ಷ ಎಂದೆ. ಬರೆದುಕೊಂಡ. ನೀವು ಕೇಳಬಹುದು, ಮೊಬೈಲು ಇರಲಿಲ್ಲವೇ, ಫೋಟೊ ಇರಲಿಲ್ಲವೇ ಎಂದು. ಇತ್ತು. ನಾನು ಗಾಳಿಯಲ್ಲಿ ತೇಲುತ್ತಿರುವ, ಎಲ್ಲರೂ ಹಲ್ಲು ಕಿರಿದಿರುವ ಚೆಂದದ ಫೋಟೊ. ಒಂದು ದಿನದ ಫೋಟೊ ಇಪ್ಪತ್ತು ವರ್ಷವನ್ನು ತೋರಿಸುವುದಿಲ್ಲ. ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹೊರಗೆ ಬಂದಾಗ ಮಾವ ಕೋಟಿನ ಗುಂಡಿ ಬಿಚ್ಚುತ್ತಿದ್ದ. “ಅವ್ರ್ ಇಗರ್ಜಿ ಮಾಡ್ ಮಳಿಗ್ ಸೋರ್ತಿತ್ತಲ್ದಾ,” ಎಂದ. “ಹೊಸ ಹೆಂಗ್ಸು ರಿಪೇರಿ ಮಾಡ್ಸಿ ಕೊಡ್ತೆ ಅಂದಿತಂಬ್ರ್. ಬಸ್ಸಲ್ಲಿ ಯಾರೋ ಹೇಳ್ತಿದ್ರ್.”

“ಮತ್ತೆ ನೀನು ಮೊದಲೇ ಯಾಕೆ ಹೇಳಲಿಲ್ಲ?”

“ಬಸ್ಸಲ್ ಕೇಂಡದ್ದನ್ನ ಹೇಳ್ರೆ ನೀ ಎಂತ ಕೇಂತಿದ್ದೆ? ಸಾಕ್ಷಿ ತಾ ಅಂದೇ ಅಲ್ದಾ!”

ಅತ್ತೆ ಮಾತ್ರ ಒಪ್ಪಲಿಲ್ಲ. “ಪ್ರಾಯ ಆಯ್ತಲೆ, ಮರ್ತ್ ಹೋಯಿಕ್ಕ್. ಮೊನ್ನೆ ಒಂದೇ ಊಟಕ್ಕೆ ಎರ್ಡ್ ಸಲ ಆರ್ಡರ್ ಕೊಡ್ಲಿಲ್ಯಾ?” ಕೊಟ್ಟಿದ್ದರು. ನನ್ನನ್ನು ಒಂದೆರಡು ಸಲ ತಮ್ಮ ಹೆಂಡತಿಯ ಹೆಸರು ಹಿಡಿದು ಕರೆದಿದ್ದೂ ಉಂಟು. ಅತ್ತೆ ಮರುದಿನವೂ ಬಟ್ಟಲು ತೆಗೆದಿಟ್ಟಳು. ಕಿಟಕಿಯ ಮೇಜು ಖಾಲಿ ಇತ್ತು. ಅದರ ಮರುದಿನವೂ ಇಟ್ಟಳು. ಚಳಿ ಬಿದ್ದ ಮೇಲೆ ಇಡುವುದನ್ನು ಬಿಟ್ಟಳು.

ಗೇಟು ಗೇಟಾಗಿಯೇ ಉಳಿಯಿತು. ಮುಂದಿನ ಮೇ ತಿಂಗಳಿಗೆ ಮೊದಲೇ ಮಾವ ಪಬ್ಬು ಬಿಟ್ಟ. ಈಗ ಕಿಂಗ್ಸ್‌ಬರಿಯಲ್ಲಿ ಮತ್ತೆ ಬೇರೆಯವರ ಕಾವಲಿಯ ಮುಂದೆ ನಿಂತು ದೋಸೆ ಹೊಯ್ಯುತ್ತಾನೆ. ಊರಿನ ಮಾತು ಎತ್ತುವುದಿಲ್ಲ. ನಾನು ಕೆಲಸಕ್ಕೆ ಸೇರಿದೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ: ಮರೆವೋ, ಸುಳ್ಳೋ? ನಾನು ಎರಡೂ ಪಕ್ಷ ವಹಿಸಿ ವಾದಿಸಿದೆ. ಎಂಬತ್ತರ ವಯಸ್ಸು, ಒಂಟಿತನ, ಎರಡು ಸಲದ ಆರ್ಡರು, ಇವು ಮರೆವಿನ ಕಡೆಗೆ. ಇಗರ್ಜಿಯ ಮಾಡಿನ, ಅಂದರೆ ಛಾವಣಿಯ, ರಿಪೇರಿ ಸುಳ್ಳಿನ ಕಡೆಗೆ, ಆದರೆ ಅದು ಬಸ್ಸಿನ ಮಾತು. ಆಧಾರವಿಲ್ಲದೆ ಒಬ್ಬ ಮುದುಕನನ್ನು ದ್ರೋಹಿ ಎನ್ನಲು ನನ್ನ ತರಬೇತಿ ಒಪ್ಪಲಿಲ್ಲ. ಅನುಮಾನದ ಲಾಭ ಕೊಟ್ಟೆ. ಇಷ್ಟು ವರ್ಷ ಕೊಡುತ್ತಲೇ ಬಂದೆ. ನಿಜ ಹೇಳಬೇಕೆಂದರೆ, ಆ ಲಾಭ ಅವರಿಗಿಂತ ನನಗೇ ಬೇಕಿತ್ತು. ಮರೆತವರು ಅಜ್ಜನಾಗಿ ಉಳಿಯಬಹುದು.

ಕಳೆದ ಭಾನುವಾರ ಕಾಡಿನಲ್ಲಿ ಗೆಳೆಯರನ್ನು ಮುಂದೆ ಕಳಿಸಿ, ಕಾಲಿನಿಂದ ಎಲೆ ಸರಿಸುತ್ತ ಹೋದೆ. ಕಲ್ಲು ಸುಲಭವಾಗಿ ಸಿಕ್ಕಿತು. ಅದರ ಮೇಲೆ ಕುಳಿತೆ. ಕೋಟಿನ ಅಂಚು ಕಲ್ಲನ್ನು ಮುಚ್ಚಿತು. ಸ್ವಲ್ಪ ಹೊತ್ತಿಗೆ ಮರಗಳ ಆಚೆ ಮಾತು ಕೇಳಿಸಿತು, ಆಮೇಲೆ ಕೋಲುಗಳು ಕಂಡವು. ಇಂದು ಸೀಮೆ ಸುತ್ತುವ ಭಾನುವಾರ ಎಂದು ನನಗೆ ಹೊಳೆದದ್ದು ಆಗ. ಎದ್ದು ಹೋಗಬಹುದಿತ್ತು, ಏಳಲಿಲ್ಲ.

ಗುಂಪು ಹತ್ತಿರ ಬಂತು. ಹೆಚ್ಚಿನವರು ಹೊಸಬರು. ನಡುವೆ ಜೆಫ್ರಿ, ಬೆನ್ನು ಇನ್ನಷ್ಟು ಬಾಗಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ವಿಲೋ ಕೋಲು. “ಕಲ್ಲು ಇಲ್ಲೇ ಎಲ್ಲೋ ಇದೆಯಂತೆ,” ಎಂದು ಒಬ್ಬಾಕೆ ನನಗೆ ವಿವರಿಸಿದಳು. “ನೀವು ನೋಡಿದಿರಾ?”

“ನಾನು ಈ ಊರಿನವಳಲ್ಲ,” ಎಂದೆ.

ಆ ದನಿಗೆ ಜೆಫ್ರಿ ತಲೆಯೆತ್ತಿದರು. ನನ್ನನ್ನು ನೋಡಿದರು. ನಾನು ಕುಳಿತ ಜಾಗವನ್ನು ನೋಡಿದರು. ಎರಡು ಹೆಜ್ಜೆ ಮುಂದೆ ಬಂದು, ನನ್ನ ಬೂಟಿನ ಪಕ್ಕದಲ್ಲಿ, ಎಲೆಗಳ ನಡುವೆ, ಕಲ್ಲಿನ ಬುಡಕ್ಕೆ ವಿಲೋ ಕೋಲಿನ ತುದಿಯನ್ನು ತಟ್ಟಿದರು. ಟಕ್, ಟಕ್. ಬಾಗಿಲು ತಟ್ಟಿದ ಹಾಗೆ. ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು.

“ಜೆಫ್ರಿ, ಇಲ್ಲಿಯೇ ಏನು?” ಎಂದು ಹಿಂದಿನಿಂದ ಯಾರೋ ಕೇಳಿದರು.

ಅವರು ಕನ್ನಡಕ ತೆಗೆದರು. ಸ್ವೆಟರಿನ ತುದಿಯಿಂದ ನಿಧಾನವಾಗಿ ಒರೆಸಿದರು. “ನನ್ನ ನೆನಪಿನಲ್ಲಿ ಇಲ್ಲ,” ಎಂದರು. “ಮುಂದೆ ಹೋಗೋಣ.”

ಹೋದರು. ಅವರು ನನಗೆ ಉಪಕಾರ ಮಾಡಿದೆ ಎಂದುಕೊಂಡಿರಬಹುದು. ಎದ್ದೇಳು ಎನ್ನಲಿಲ್ಲ, ನನ್ನನ್ನು ನಾಲ್ಕು ಜನರ ಮುಂದೆ ಬಯಲಿಗೆ ಎಳೆಯಲಿಲ್ಲ. ಕ್ಷಮೆ ಕೇಳುವುದು ಆ ಮನುಷ್ಯನಿಗೆ ತಿಳಿದಿದ್ದ ರೀತಿ ಅದೇ ಇರಬಹುದು. ಆದರೆ ಇಷ್ಟು ವರ್ಷ ನಾನು ಕೇಳುತ್ತಿದ್ದ ಸಾಕ್ಷಿಯನ್ನು ಅವರೇ ತಂದು ನನ್ನ ಕಾಲಿನ ಬುಡದಲ್ಲಿ ಇಟ್ಟು ಹೋಗಿದ್ದರು: ಜೆಫ್ರಿ ಏನನ್ನೂ ಮರೆತಿಲ್ಲ, ಮರೆತೆ ಎನ್ನುವಾಗ ಅವರ ಕೈ ಏನು ಮಾಡುತ್ತದೆ ಎಂದು ನನಗೀಗ ಗೊತ್ತು. ವಾದ ಮುಗಿಯಿತು. ಗೆದ್ದದ್ದು ನಾನೇ. ಅಜ್ಜನೊಬ್ಬನನ್ನು ಕಳೆದುಕೊಂಡದ್ದೂ ನಾನೇ, ಅದೇ ನಿಮಿಷದಲ್ಲಿ, ಅಕ್ಟೋಬರಿನಲ್ಲಿ ಅಲ್ಲ.

ದನಿಗಳು ಗುಡ್ಡದ ಆಚೆ ಇಳಿದ ಮೇಲೆ ಎದ್ದೆ. ಕಲ್ಲಿನ ತಲೆಯ ಮೇಲಿನ ಶಿಲುಬೆಯನ್ನು ಒಮ್ಮೆ ನೋಡಿ, ಸುತ್ತಲಿನ ಬೆಳ್ಳುಳ್ಳಿ ಎಲೆಗಳನ್ನು ಎರಡೂ ಕೈಯಿಂದ ಎಳೆದು ಅದನ್ನು ಮೊದಲಿನಂತೆ ಮುಚ್ಚಿದೆ. ಆ ಊರಿಗೆ ತನ್ನ ಗಡಿ ಬೇಕಿದ್ದರೆ ಮುಂದಿನ ವರ್ಷ ಆ ಊರಿನವರೇ ಯಾರಾದರೂ ಎಡವಿ ಬೀಳಲಿ.